ಶನಿ ಮಾಟುಂಗಾದಲ್ಲಿ, ನೆಪ್ಚೂನ್ ಮುಲುಂಡಿನಲ್ಲಿ

ನಮ್ಮ ಬಿಲ್ಡಿಂಗಿನಲ್ಲಿ ಮೂರರಿಂದ ಆರನೇ ಕ್ಲಾಸಿನವರೆಗೆ ಓದುವ ಮಕ್ಕಳು ಹತ್ತು-ಹನ್ನೆರಡು ಮಂದಿ ಇದ್ದಾರೆ. ಪ್ರತಿವರ್ಷ ಇವರಲ್ಲಿ ಯಾರಾದರೊಬ್ಬರಿಗೆ 'ಸೋಲಾರ್ ಸಿಸ್ಟಂ ಪ್ರಾಜೆಕ್ಟ್' ಬಂದೇ ಬರುತ್ತದೆ. ಬಂತೆಂದರೆ ಕೆಳಗಿನ ಸ್ಟೇಷನರಿ ಅಂಗಡಿಯವನಿಗೆ ಹಬ್ಬ! ಥರ್ಮೋಕೋಲ್ ಉಂಡೆ, ಪೋಸ್ಟರ್ ಕಲರ್, ಕಪ್ಪು ಚಾರ್ಟ್ ಪೇಪರ್, ಮಿನುಗುವ ಪುಡಿ... ರಾತ್ರಿ ಹನ್ನೊಂದರವರೆಗೆ ಅಮ್ಮ ಬಣ್ಣ ಬಳಿಯುತ್ತಾಳೆ, ಅಪ್ಪ ತಂತಿ ಬಗ್ಗಿಸುತ್ತಾನೆ. ಪ್ರಾಜೆಕ್ಟಿನ ಒಡೆಯ ಮಾತ್ರ ಸೋಫಾದ ಮೇಲೆ ಗಾಢ ನಿದ್ದೆಯಲ್ಲಿರುತ್ತಾನೆ. ಮರುದಿನ ಟೀಚರು 'ವೆರಿ ಗುಡ್' ಅಂತ ಬರೆಯುತ್ತಾರೆ. ಒಂದು ವಾರ ಕ್ಲಾಸಿನ ಮೂಲೆಯಲ್ಲಿದ್ದ ಸೌರಮಂಡಲ ಆಮೇಲೆ ಕಸದ ಗಾಡಿ ಸೇರುತ್ತದೆ.

ಇದರಲ್ಲಿ ತಪ್ಪೇನು, ಮಕ್ಕಳು ಗ್ರಹಗಳ ಹೆಸರನ್ನಾದರೂ ಕಲಿತರಲ್ಲ ಅನ್ನಬಹುದು. ಹೌದು, ಕಲಿತರು. ಮರ್ಕ್ಯುರಿ, ವೀನಸ್, ಅರ್ಥ್, ಮಾರ್ಸ್... ರೈಲು ಬೋಗಿಗಳ ಹಾಗೆ ಸಾಲಾಗಿ ಒಪ್ಪಿಸುತ್ತಾರೆ. ಆದರೆ ಅದೇ ಮಗುವನ್ನು ಸಂಜೆ ಟೆರೇಸಿಗೆ ಕರೆದುಕೊಂಡು ಹೋಗಿ, ಪಶ್ಚಿಮದಲ್ಲಿ ಫಳಫಳ ಹೊಳೆಯುತ್ತಿರುವುದನ್ನು ತೋರಿಸಿ, "ಅದೇನು ಹೇಳು" ಅಂದರೆ, "ವಿಮಾನ" ಅನ್ನುತ್ತದೆ. ಅದು ನಿನ್ನೆ ತಾನೇ ಒಪ್ಪಿಸಿದ ವೀನಸ್ ಅಂತ ಹೇಳಿದರೆ ನಂಬುವುದೇ ಇಲ್ಲ. ವೀನಸ್ ಪುಸ್ತಕದಲ್ಲಿರುವುದಲ್ಲವಾ, ಆಕಾಶಕ್ಕೆ ಹೇಗೆ ಬಂತು?

ನನ್ನ ತಕರಾರು ಇಷ್ಟೇ. ನಾವು ಮಕ್ಕಳಿಗೆ ಸೌರಮಂಡಲವನ್ನು ತಿರುವುಮುರುವಾಗಿ ಕಲಿಸುತ್ತಿದ್ದೇವೆ. ಮೊದಲು ಹೆಸರಿನ ಪಟ್ಟಿ, ಆಮೇಲೆ ಚಿತ್ರ, ಕೊನೆಗೆ (ಅಂದರೆ ಎಂದೂ ಇಲ್ಲ) ಆಕಾಶ. ಆಗಬೇಕಾದದ್ದು ಇದಕ್ಕೆ ಉಲ್ಟಾ. ಮೊದಲು ಕಣ್ಣಿಂದ ನೋಡಲಿ, ಆಮೇಲೆ ಕಾಲಿಂದ ಅಳೆಯಲಿ, ಹೆಸರನ್ನು ಆಮೇಲೆ ಬಾಯಿಪಾಠ ಮಾಡಲಿ. ಇದನ್ನು ಮಾಡಲು ಟೀಚರೇ ಬೇಕಿಲ್ಲ. ಊರು ಬಿಟ್ಟು ಮೂವತ್ತು ವರ್ಷವಾದ ನಮ್ಮಂಥ ಅಜ್ಜ-ಅಜ್ಜಿಯರೂ ಮಾಡಬಹುದು. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

"ಬಾಂಬೆಯಲ್ಲಿ ಆಕಾಶ ಎಲ್ಲಿದೆ ಮಾರಾಯ್ರೆ?"

ಈ ಮಾತು ಎತ್ತಿದ ಕೂಡಲೇ ಬರುವ ಉತ್ತರ ಇದು. ಊರಿನಲ್ಲಿ ಅಂಗಳದಲ್ಲಿ ಚಾಪೆ ಹಾಸಿ ಮಲಗಿದರೆ ಸಕ್ಕರೆ ಚೆಲ್ಲಿದ ಹಾಗೆ ನಕ್ಷತ್ರ ಕಾಣುತ್ತಿತ್ತು, ಇಲ್ಲಿ ಹೊಗೆ, ಬೆಳಕು, ಎದುರಿಗೆ ಇಪ್ಪತ್ತೆರಡು ಮಾಳಿಗೆಯ ಟವರ್, ಏನು ತೋರಿಸುವುದು ಅಂತ.

ನಕ್ಷತ್ರಗಳ ಮಟ್ಟಿಗೆ ಈ ಮಾತು ನಿಜ. ಆಕಾಶಗಂಗೆ ಮುಂಬಯಿಯಿಂದ ಕಾಣುವುದಿಲ್ಲ. ಆದರೆ ನಗರದ ಬೆಳಕಿಗೆ ಸೋಲದೆ ಉಳಿದಿರುವುದು ಗ್ರಹಗಳೇ! ಶುಕ್ರ ಮತ್ತು ಗುರು ಯಾವ ನಕ್ಷತ್ರಕ್ಕಿಂತಲೂ ಹೆಚ್ಚು ಪ್ರಕಾಶಮಾನ. ಮಂಗಳ ಭೂಮಿಗೆ ಹತ್ತಿರ ಬಂದ ತಿಂಗಳುಗಳಲ್ಲಿ ಕೆಂಪಗೆ ಎದ್ದು ಕಾಣುತ್ತದೆ. ಶನಿ ಸ್ವಲ್ಪ ಮಂಕು, ಆದರೂ ಯಾವ ಕಡೆ ಅಂತ ಗೊತ್ತಿದ್ದರೆ ಸಿಗುತ್ತದೆ. ಅಂದರೆ, ಈ ನಗರದಲ್ಲಿ ಹುಟ್ಟಿದ ಮಗುವಿಗೆ ಆಕಾಶದಲ್ಲಿ ತೋರಿಸಬಹುದಾದ ಬೆರಳೆಣಿಕೆಯ ವಸ್ತುಗಳಲ್ಲಿ ಚಂದ್ರನ ಪಕ್ಕಕ್ಕೆ ಗ್ರಹಗಳೇ ಬರುತ್ತವೆ. ನಾವೋ ಅವನ್ನೇ ಬಿಟ್ಟು ಚಾರ್ಟ್ ಪೇಪರ್ ತರುತ್ತೇವೆ.

ಇನ್ನೊಂದು ಭಾಗ್ಯವನ್ನು ಮುಂಬಯಿಯವರು ಗಮನಿಸಿಯೇ ಇಲ್ಲ. ನಮ್ಮ ಪಶ್ಚಿಮಕ್ಕೆ ಸಮುದ್ರವಿದೆ. ಬುಧ ಯಾವತ್ತೂ ಸೂರ್ಯನ ಸೆರಗು ಹಿಡಿದುಕೊಂಡೇ ಓಡಾಡುವವನು. ಸೂರ್ಯ ಮುಳುಗಿದ ಮೇಲೆ ಅಥವಾ ಹುಟ್ಟುವ ಮೊದಲು, ಅದೂ ವರ್ಷದ ಕೆಲವೇ ದಿನಗಳಲ್ಲಿ, ದಿಗಂತದ ಹತ್ತಿರ ಅರ್ಧ-ಮುಕ್ಕಾಲು ಗಂಟೆ ಮುಖ ತೋರಿಸುತ್ತಾನೆ. ಸಂಜೆಯ ಬುಧನಿಗೆ ಪಶ್ಚಿಮದಲ್ಲಿ ಕಟ್ಟಡ, ಗುಡ್ಡ ಇಲ್ಲದ ತೆರೆದ ಜಾಗ ಬೇಕು. ವರ್ಲಿ ಸೀ ಫೇಸ್, ದಾದರ್, ಜುಹೂ... ಭೇಲ್‌ಪುರಿ ತಿನ್ನುತ್ತಾ ನೋಡಬಹುದು. ಎಚ್ಚರಿಕೆ ಒಂದೇ, ಬೈನಾಕ್ಯುಲರ್ ಹಿಡಿಯುವುದಿದ್ದರೆ ಸೂರ್ಯ ಪೂರ್ತಿ ಮುಳುಗಿದ ಮೇಲೆ ಮಾತ್ರ. ಸೂರ್ಯನನ್ನು ಅದರಲ್ಲಿ ನೋಡಿದರೆ ಕಣ್ಣೇ ಹೋಗುತ್ತದೆ, ಇದನ್ನು ಮಕ್ಕಳಿಗೆ ನೂರು ಸಲ ಹೇಳಬೇಕು.

ಯಾವತ್ತು ಯಾವ ಗ್ರಹ ಎಲ್ಲಿದೆ ಅಂತ ತಿಳಿಯಲು ಪಂಡಿತರಾಗಬೇಕಿಲ್ಲ. ಸ್ಟೆಲೇರಿಯಂನಂಥ ಉಚಿತ ಆಕಾಶನಕ್ಷೆಗಳು ಮೊಬೈಲಿನಲ್ಲೇ ಸಿಗುತ್ತವೆ. ಮಕ್ಕಳಿಗೆ ಹೇಳಿಕೊಡಬೇಕಾದ ಗುರುತು ಎರಡೇ. ಸಾಮಾನ್ಯವಾಗಿ ನಕ್ಷತ್ರ ಮಿಣಮಿಣ ಮಿನುಗುತ್ತದೆ, ಗ್ರಹ ಸ್ಥಿರವಾಗಿ ಬೆಳಗುತ್ತದೆ. ಮತ್ತು ನಕ್ಷತ್ರಗಳು ಒಂದರ ಪಕ್ಕ ಒಂದು ಹಾಗೆಯೇ ಇರುತ್ತವೆ, ಗ್ರಹ ದಿನೇ ದಿನೇ ಅವುಗಳ ನಡುವೆ ಜಾಗ ಬದಲಿಸುತ್ತದೆ. ಎರಡನೆಯದನ್ನು ಮಗು ಒಂದು ತಿಂಗಳು ನೋಡಿ ಪುಸ್ತಕದಲ್ಲಿ ಚುಕ್ಕಿ ಇಟ್ಟುಕೊಂಡು ತಾನೇ ಕಂಡುಹಿಡಿಯಲಿ. ಸಾವಿರಾರು ವರ್ಷಗಳ ಹಿಂದೆ ಮನುಷ್ಯ ಕಂಡುಹಿಡಿದದ್ದೂ ಹಾಗೆಯೇ. ಗ್ರೀಕರು 'ಅಲೆಮಾರಿ' ಎಂಬ ಅರ್ಥದ ಹೆಸರಿಟ್ಟರು, ಅದೇ ಇಂಗ್ಲಿಷಿನ ಪ್ಲಾನೆಟ್ ಆಯಿತು.

(ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ರಜೆ. ಅದಕ್ಕೆ ನಾವೇನೂ ಮಾಡುವ ಹಾಗಿಲ್ಲ!)

ಹೆಸರಿನಲ್ಲೇ ಇದೆ ಪಾಠ

ಇಲ್ಲಿ ಕನ್ನಡದ ಮಾತು ಬರುತ್ತದೆ. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಗೆಳೆಯರ ಜೊತೆ ಹಿಂದಿ-ಮರಾಠಿ, ಮನೆಯಲ್ಲಿ ಅಷ್ಟೋ ಇಷ್ಟೋ ಕನ್ನಡ. ಗುರುವಾರ ಗೊತ್ತು, ಜ್ಯುಪಿಟರ್ ಗೊತ್ತು, ಎರಡೂ ಒಂದೇ ಅಂತ ಗೊತ್ತಿಲ್ಲ. ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ, ಶನಿವಾರ, ಬರಿಗಣ್ಣಿಗೆ ಕಾಣುವ ಐದೂ ಗ್ರಹಗಳು ವಾರದಲ್ಲೇ ಇವೆ. ಮರಾಠಿಯಲ್ಲೂ ಇವೇ ಹೆಸರು. ಇದನ್ನು ಹೇಳಿದ ದಿನ ನನ್ನ ಮೊಮ್ಮಗಳು, "ಹಾಗಾದ್ರೆ ಯುರೇನಸ್‌ವಾರ ಯಾಕಿಲ್ಲ ಅಜ್ಜ?" ಅಂತ ಕೇಳಿದಳು. ಎಂಥಾ ಪ್ರಶ್ನೆ ನೋಡಿ! ಉತ್ತರದಲ್ಲಿ ಇಡೀ ಚರಿತ್ರೆ ಇದೆ. ಯುರೇನಸ್ ಗ್ರಹವೆಂದು ಗೊತ್ತಾದದ್ದು 1781ರಲ್ಲಿ, ವಿಲಿಯಂ ಹರ್ಷೆಲ್ ತಾನೇ ತಯಾರಿಸಿದ ದೂರದರ್ಶಕದಿಂದ ನೋಡಿದಾಗ. ನೆಪ್ಚೂನ್ ಸಿಕ್ಕಿದ್ದು 1846ರಲ್ಲಿ, ಅದೂ ಮೊದಲು ಕಾಗದದ ಮೇಲೆ ಲೆಕ್ಕದಲ್ಲಿ ಸಿಕ್ಕಿ ಆಮೇಲೆ ಆಕಾಶದಲ್ಲಿ ಸಿಕ್ಕಿತು. ವಾರಕ್ಕೆ ಹೆಸರಿಟ್ಟವರಿಗೆ ಇವೆರಡೂ ಗೊತ್ತೇ ಇರಲಿಲ್ಲ.

ಹಳೆಯ ಹೆಸರುಗಳನ್ನು ಸ್ವಲ್ಪ ಕೆದಕಿದರೆ ಒಳಗೆ ವೀಕ್ಷಣೆಯೇ ಕೂತಿದೆ. ಮಂಗಳನಿಗೆ ಅಂಗಾರಕ ಅಂತ ಇನ್ನೊಂದು ಹೆಸರು, ಅಂಗಾರ ಎಂದರೆ ಕೆಂಡ. ಕೆಂಪಗಿದೆ ಎಂದು ಕಣ್ಣು ಹೇಳಿದ್ದನ್ನು ಹೆಸರು ಹಿಡಿದಿಟ್ಟಿದೆ. (ಕೆಂಪು ಯಾಕೆ? ಅಲ್ಲಿನ ಮಣ್ಣಿನಲ್ಲಿ ಕಬ್ಬಿಣದ ತುಕ್ಕು.) ಶನಿಗೆ ಶನೈಶ್ಚರ ಅನ್ನುತ್ತೇವೆ, ನಿಧಾನವಾಗಿ ನಡೆಯುವವನು. ಸೂರ್ಯನ ಸುತ್ತ ಒಂದು ಸುತ್ತಿಗೆ ಅವನಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಗುರುವಿಗೆ ಸುಮಾರು ಹನ್ನೆರಡು ವರ್ಷ. ನಾಸಿಕದಲ್ಲಿ ಸಿಂಹಸ್ಥ ಕುಂಭಮೇಳ ಹನ್ನೆರಡು ವರ್ಷಕ್ಕೊಮ್ಮೆ ಯಾಕೆ ಬರುತ್ತದೆ? ಗುರು ಸಿಂಹರಾಶಿಗೆ ತಿರುಗಿ ಬರಲು ಅಷ್ಟು ಕಾಲ ಬೇಕು, ಅದಕ್ಕೆ. ಶುಕ್ರನಿಗೆ ನಮ್ಮ ಹಳ್ಳಿಯವರು ಬೆಳ್ಳಿಚುಕ್ಕಿ ಅನ್ನುತ್ತಿದ್ದರು, ಬೆಳ್ಳಿ ಮೂಡಿದರೆ ಬೆಳಗಾಯಿತು ಅಂತ ಏಳುತ್ತಿದ್ದರು. ನಮ್ಮ ಮಕ್ಕಳಿಗೆ ಕನ್ನಡ ಉಳಿಯಬೇಕು ಅಂತ ಸಂಘದ ಸಭೆಗಳಲ್ಲಿ ಭಾಷಣ ಮಾಡುತ್ತೇವೆ. ಟೆರೇಸಿನಲ್ಲಿ ನಿಂತು ಬೆಳ್ಳಿಚುಕ್ಕಿ ಅಂತ ಒಂದು ಮಾತು ಹೇಳಿಕೊಟ್ಟರೆ ಅದು ಸಾಯುವವರೆಗೆ ಮರೆಯುವುದಿಲ್ಲ ಅಂತ ನನ್ನ ಅಂಬೋಣ.

ಇನ್ನು ನವಗ್ರಹದ ಗೊಂದಲ. ಶಾಲೆಯಲ್ಲಿ ಎಂಟು, ದೇವಸ್ಥಾನದಲ್ಲಿ ಒಂಬತ್ತು. ಮಗು ಯಾರನ್ನು ನಂಬಬೇಕು? "ಅದೆಲ್ಲ ಸುಳ್ಳು" ಅಂದರೆ ಅಜ್ಜಿಗೆ ನೋವು, "ಅದೇ ಸರಿ" ಅಂದರೆ ಪರೀಕ್ಷೆಯಲ್ಲಿ ಸೊನ್ನೆ. ಎರಡೂ ಬೇಡ. ನವಗ್ರಹದ ಪಟ್ಟಿ ಭೂಮಿಯ ಮೇಲೆ ನಿಂತು ನೋಡಿದವರ ಪಟ್ಟಿ. ಅದಕ್ಕೇ ಅದರಲ್ಲಿ ಸೂರ್ಯ, ಚಂದ್ರ ಇದ್ದಾರೆ, ಭೂಮಿ ಇಲ್ಲ. ರಾಹು-ಕೇತುಗಳು ಕಣ್ಣಿಗೆ ಕಾಣುವ ವಸ್ತುಗಳಲ್ಲ, ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳು. ಅಮಾವಾಸ್ಯೆಯೋ ಹುಣ್ಣಿಮೆಯೋ ಆ ಬಿಂದುಗಳ ಹತ್ತಿರ ಬಿದ್ದಾಗ ಗ್ರಹಣ. ಶಾಲೆಯ ಪಟ್ಟಿ ಸೂರ್ಯನ ಸುತ್ತ ಸುತ್ತುವವರ ಪಟ್ಟಿ. ಇಷ್ಟು ಹೇಳಿದರೆ ಹತ್ತು ವರ್ಷದ ಮಗುವಿಗೆ ಚೆನ್ನಾಗಿ ಅರ್ಥವಾಗುತ್ತದೆ, ದೊಡ್ಡವರಿಗೇ ಸ್ವಲ್ಪ ಕಷ್ಟ.

ಶನಿಯ ಹೆದರಿಕೆ

ನಿಜವಾಗಿ ನನ್ನನ್ನು ಕಾಡುವ ವಿಷಯ ಇದು. ಪ್ರಾಜೆಕ್ಟ್ ಹಾಳಾಗಲಿ, ಮಾರ್ಕು ಹೋಗಲಿ. ಆದರೆ ನಮ್ಮ ಮನೆಗಳಲ್ಲಿ ಮಗು ಶನಿ ಎಂಬ ಹೆಸರನ್ನು ಮೊದಲ ಸಲ ಕೇಳುವುದು ಬೈಗುಳದಲ್ಲಿ. "ಶನಿ, ಸುಮ್ಮನೆ ಕೂತ್ಕೋ!" ಆಮೇಲೆ ಸಾಡೇಸಾತಿ, ಕಾಟ, ದೋಷ. ಅಕ್ಕನ ಮದುವೆ ಮುಂದೆ ಹೋದದ್ದಕ್ಕೆ ಮಂಗಳ ಕಾರಣ, ಅಪ್ಪನ ಕೆಲಸ ಹೋದದ್ದಕ್ಕೆ ಶನಿ ಕಾರಣ ಅಂತ ಊಟದ ಹೊತ್ತಿಗೆ ಮಾತು. ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಆಕಾಶದಲ್ಲಿ ನಮ್ಮ ಮೇಲೆ ಸಿಟ್ಟಿರುವ ಯಾರೋ ಕೂತಿದ್ದಾರೆ ಎಂದು ಅದರ ಮನಸ್ಸಿನಲ್ಲಿ ಇಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಸೊಸೈಟಿಯ ಹುಡುಗನೊಬ್ಬ ಚಿಕ್ಕ ಟೆಲಿಸ್ಕೋಪ್ ತಂದು ಟೆರೇಸಿನಲ್ಲಿಟ್ಟಿದ್ದ. ಮಕ್ಕಳ ಹಿಂದೆ ದೊಡ್ಡವರೂ ಸಾಲು ನಿಂತರು. ಸಾಲಿನಲ್ಲಿ ಪ್ರತಿ ಶನಿವಾರ ತಪ್ಪದೆ ಎಳ್ಳೆಣ್ಣೆ ದೀಪ ಹಚ್ಚುವ, ಎಂಬತ್ತರ ಹತ್ತಿರದ ಒಬ್ಬ ಅಜ್ಜಿಯೂ ಇದ್ದರು. ಬಗ್ಗಿ ನೋಡಿದರು. ಕಪ್ಪು ಆಕಾಶದ ನಡುವೆ ಸಣ್ಣ ಹಳದಿ ಉಂಡೆ, ಅದರ ಸುತ್ತ ಯಾರೋ ಕೊರೆದಿಟ್ಟ ಹಾಗೆ ಉಂಗುರ. ಅಜ್ಜಿ ತುಂಬಾ ಹೊತ್ತು ಏಳಲೇ ಇಲ್ಲ. ಆಮೇಲೆ ಕೈಮುಗಿದು, "ಇಷ್ಟು ಚಂದ ಇದ್ದಾನಾ ಇವ!" ಅಂದರು. ಅವರು ದೀಪ ಹಚ್ಚುವುದನ್ನು ಬಿಡಲಿಲ್ಲ, ಬಿಡಬೇಕೆಂದು ಯಾರೂ ಹೇಳಲೂ ಇಲ್ಲ. ಆದರೆ ಅವರ ಮೊಮ್ಮಕ್ಕಳು ಆ ಮಾತು ಕೇಳಿದರಲ್ಲ, ಅದು ದೊಡ್ಡದು. ಮಗು ಶನಿಗೆ ಹೆದರುವುದನ್ನು ಕಲಿಯುವ ಮೊದಲು ಶನಿಯನ್ನು ನೋಡಲಿ. ಒಮ್ಮೆ ಉಂಗುರ ನೋಡಿದ ಕಣ್ಣಿಗೆ ಆಮೇಲೆ ಯಾರು ಎಷ್ಟು ಹೆದರಿಸಿದರೂ ಅಷ್ಟು ಸುಲಭವಾಗಿ ಹೆದರಿಕೆ ಹತ್ತುವುದಿಲ್ಲ.

ಉಂಗುರಕ್ಕೆ ಟೆಲಿಸ್ಕೋಪ್ ಬೇಕು. ಆದರೆ ಗುರುವಿನ ನಾಲ್ಕು ದೊಡ್ಡ ಚಂದ್ರರಿಗೆ ಸಾಧಾರಣ ಬೈನಾಕ್ಯುಲರ್ ಸಾಕು, ಕೈ ಅಲುಗಬಾರದು ಅಷ್ಟೇ. ಗೋಡೆಗೋ ಕಂಬಕ್ಕೋ ಒರಗಿಸಿ ಹಿಡಿಯಿರಿ. 1610ರ ಜನವರಿಯಲ್ಲಿ ಗೆಲಿಲಿಯೊ ನೋಡಿದ್ದು ಇವನ್ನೇ. ದಿನಾ ರಾತ್ರಿ ಇವು ಜಾಗ ಬದಲಿಸುವುದನ್ನು ನೋಡಿಯೇ ಎಲ್ಲವೂ ಭೂಮಿಯ ಸುತ್ತ ಸುತ್ತುವುದಿಲ್ಲ ಅಂತ ಅವನಿಗೆ ಗಟ್ಟಿಯಾಯಿತು. ನಮ್ಮ ಮಗು ನಾಲ್ಕು ರಾತ್ರಿ ನೋಡಿ ನಾಲ್ಕು ಚಿತ್ರ ಬರೆದರೆ, ಗೆಲಿಲಿಯೊ ಮಾಡಿದ ಕೆಲಸವನ್ನೇ ಅದು ಮಾಡಿದ ಹಾಗಾಯಿತು.

ಚಾರ್ಟ್ ಹೇಳುವ ಸುಳ್ಳು

ಈಗ ಅಳತೆಗೆ ಬರೋಣ. ಗೋಡೆಯ ಚಾರ್ಟಿನಲ್ಲಿ ಎಂಟು ಗ್ರಹಗಳು ಮದುವೆಮನೆಯ ಫೋಟೋದ ಹಾಗೆ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ. ಮಗುವಿನ ತಲೆಯಲ್ಲಿ ಅದೇ ಉಳಿಯುತ್ತದೆ. ಚಾರ್ಟ್ ಮಾಡಿದವರನ್ನು ಬೈದು ಪ್ರಯೋಜನವಿಲ್ಲ, ಸರಿಯಾದ ಅಳತೆಯಲ್ಲಿ ಮಾಡಿದರೆ ಕಾಗದದ ಮೇಲೆ ಏನೂ ಕಾಣುವುದೇ ಇಲ್ಲ!

ಅದಕ್ಕೆ ಚಿಕ್ಕ ಮಕ್ಕಳಿಗೆ ನಾನು ಒಗ್ಗರಣೆ ಡಬ್ಬಿ ತೆಗೆಯುತ್ತೇನೆ. ಒಂದು ಸುಲಿದ ತೆಂಗಿನಕಾಯಿ ಸೂರ್ಯ, ಅಡ್ಡಳತೆ ಸುಮಾರು 14 ಸೆಂಟಿಮೀಟರ್. ಈ ಅಳತೆಗೆ ಭೂಮಿ ಒಂದು ಸಾಸಿವೆ ಕಾಳು, ಅದನ್ನು ತೆಂಗಿನಕಾಯಿಯಿಂದ 15 ಮೀಟರ್ ದೂರ ಇಡಬೇಕು. ಇಪ್ಪತ್ತು ದಾಪುಗಾಲು. ಶುಕ್ರನೂ ಸಾಸಿವೆಯೇ, 11 ಮೀಟರಿನಲ್ಲಿ. ಬುಧ, ಮಂಗಳ ಗಸಗಸೆ ಕಾಳು, ಒಬ್ಬ 6 ಮೀಟರಿನಲ್ಲಿ, ಇನ್ನೊಬ್ಬ 23ರಲ್ಲಿ. ಇಷ್ಟಕ್ಕೆ ನಮ್ಮ ಕಾಂಪೌಂಡ್ ಮುಗಿಯುತ್ತದೆ. ಗುರು ಒಂದು ಗೋಲಿ, ಗೇಟು ದಾಟಿ ರಸ್ತೆಯಲ್ಲಿ 78 ಮೀಟರ್ ದೂರ. ಶನಿ ಅದಕ್ಕಿಂತ ಚೂರು ಸಣ್ಣ ಗೋಲಿ, 143 ಮೀಟರಿನಲ್ಲಿ. ಯುರೇನಸ್, ನೆಪ್ಚೂನ್ ಎರಡು ಕರಿಮೆಣಸು, ಒಂದು 290 ಮೀಟರ್ ಹತ್ತಿರ, ಇನ್ನೊಂದು 450ರಲ್ಲಿ. ಅಲ್ಲಿ ನಿಂತು ತಿರುಗಿ ನೋಡಿದರೆ ತೆಂಗಿನಕಾಯಿ ಕಾಣುವುದಿಲ್ಲ. ಮಗು ಆಗ ಕೇಳುತ್ತದೆ, "ನಡುವೆ ಏನಿದೆ?" ಏನೂ ಇಲ್ಲ ಮಗಾ, ಅದೇ ಪಾಠ.

ನಮಗೆ ಹತ್ತಿರದ ಇನ್ನೊಂದು ಸೂರ್ಯ, ಆಲ್ಫಾ ಸೆಂಟಾರಿ? ಇದೇ ಅಳತೆಯಲ್ಲಿ ಸುಮಾರು 4000 ಕಿಲೋಮೀಟರ್. ಮುಂಬಯಿಯಲ್ಲಿ ಒಂದು ತೆಂಗಿನಕಾಯಿ ಇಟ್ಟರೆ ಇನ್ನೊಂದನ್ನು ಸಿಂಗಾಪುರದಲ್ಲಿ ಇಡಬೇಕು!

ಲೋಕಲ್ ಟ್ರೈನಿನ ಸೌರಮಂಡಲ

ಸ್ವಲ್ಪ ದೊಡ್ಡ ಮಕ್ಕಳಿಗೆ ಬೇರೆ ಲೆಕ್ಕ. ಭೂಮಿಯಿಂದ ಸೂರ್ಯನಿಗೆ ಸುಮಾರು 15 ಕೋಟಿ ಕಿಲೋಮೀಟರ್. ಅದನ್ನು ಒಂದು ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಸೂರ್ಯನನ್ನು ವಿ.ಟಿ.ಯಲ್ಲಿ ಇಡಿ (ಸಿ.ಎಸ್.ಎಂ.ಟಿ. ಆಗಿ ವರ್ಷಗಳಾದರೂ ನಮ್ಮ ಬಾಯಿಗೆ ಇನ್ನೂ ವಿ.ಟಿ.). ಈ ಅಳತೆಗೆ ಸೂರ್ಯ ಮೂರು ಮಾಳಿಗೆಯ ಮನೆಯಷ್ಟು ಎತ್ತರ, 9 ಮೀಟರಿಗೂ ಸ್ವಲ್ಪ ಜಾಸ್ತಿ. ಸ್ಲೋ ಟ್ರೈನ್ ಹತ್ತಿ.

ಪ್ಲಾಟ್‌ಫಾರಂ ಮುಗಿದ ಸ್ವಲ್ಪದರಲ್ಲೇ ಬುಧ. ಮುಂದೆ ಶುಕ್ರ. ಮಸ್ಜಿದ್ ಸ್ಟೇಷನ್ನಿಗೆ ಚೂರು ಮೊದಲು ಭೂಮಿ, ಒಂದು ಮೂಸಂಬಿಯಷ್ಟು. ಅದರಿಂದ ಎರಡೂವರೆ ಮೀಟರಿನಲ್ಲಿ ನೆಲ್ಲಿಕಾಯಿಯಷ್ಟು ಚಂದ್ರ. ಅಂದರೆ 2023ರ ಆಗಸ್ಟ್ 23ರಂದು ಇಡೀ ದೇಶ ಉಸಿರು ಬಿಗಿಹಿಡಿದು ನೋಡಿದ ಚಂದ್ರಯಾನ-3ರ ಗುರಿ, ಒಂದೇ ಡಬ್ಬಿಯೊಳಗೆ ಈ ಸೀಟಿನಿಂದ ಆ ಸೀಟಿಗೆ! ಸೂರ್ಯನನ್ನು ನೋಡಲು ಹೋದ ಆದಿತ್ಯ-ಎಲ್1 ನೆಲೆಸಿರುವುದು ಹತ್ತು ಮೀಟರಿನಲ್ಲಿ, ಅರ್ಧ ಡಬ್ಬಿ. ಮಸ್ಜಿದ್ ದಾಟಿ ಸ್ವಲ್ಪದರಲ್ಲೇ ಮಂಗಳ. 2013ರ ನವೆಂಬರಿನಲ್ಲಿ ಹೊರಟ ನಮ್ಮ ಮಂಗಳಯಾನ ಇಲ್ಲಿಗೆ ತಲುಪಿದ್ದು 2014ರ ಸೆಪ್ಟೆಂಬರ್ 24ಕ್ಕೆ. ನಾಲ್ಕು ಗ್ರಹ ಮುಗಿದವು, ಒಂದು ಸ್ಟೇಷನ್ ಮಾತ್ರ ದಾಟಿದ್ದೇವೆ.

ಇನ್ನು ಮೇಲೆ ಕಾಯಬೇಕು. ಭಾಯ್‌ಖಳಾ ಬರುವ ಮೊದಲು ಕ್ಷುದ್ರಗ್ರಹಗಳ ಪಟ್ಟಿ. ಸಿನೆಮಾದಲ್ಲಿ ತೋರಿಸುವ ಹಾಗೆ ಬಂಡೆಗಳ ನೂಕುನುಗ್ಗಲು ಅಲ್ಲ. ಅಲ್ಲಿ ಎಷ್ಟು ಜಾಗ ಖಾಲಿ ಎಂದರೆ ಹಲವು ನೌಕೆಗಳು ಯಾವುದಕ್ಕೂ ತಾಗದೆ ದಾಟಿ ಹೋಗಿವೆ. ಚಿಂಚ್‌ಪೋಕ್ಲಿಯ ಹತ್ತಿರ ಗುರು, ಮೂರಡಿ ಅಡ್ಡಳತೆಯ ದೊಡ್ಡ ಚೆಂಡು. ದಾದರ್ ದಾಟಿ ಮಾಟುಂಗಾ ಬರುವಷ್ಟರಲ್ಲಿ ಶನಿ. (ಮೈಸೂರು ಅಸೋಸಿಯೇಷನ್ನಿನ ಹಿರಿಯರು ಕ್ಷಮಿಸಬೇಕು, ಲೆಕ್ಕ ನನ್ನದಲ್ಲ, ಸೃಷ್ಟಿಯದು!) ಆಮೇಲೆ ಸಾಯನ್, ಕುರ್ಲಾ, ವಿದ್ಯಾವಿಹಾರ್ ಎಲ್ಲ ಖಾಲಿ, ಘಾಟ್‌ಕೋಪರಿನಲ್ಲಿ ಯುರೇನಸ್. ಮತ್ತೆ ವಿಕ್ರೋಲಿ, ಕಾಂಜೂರ್, ಭಾಂಡುಪ್ ಖಾಲಿ. ಮುಲುಂಡಿಗೆ ಸ್ವಲ್ಪ ಮೊದಲು, ಅಂದರೆ ನಮ್ಮ ಮನೆಯ ಹತ್ತಿರ, ನೆಪ್ಚೂನ್. ಪ್ಲೂಟೋ? ಅವನ ದಾರಿ ತೀರಾ ಉದ್ದುದ್ದ, ಮುಲುಂಡಿನಿಂದ ಡೊಂಬಿವಲಿಯವರೆಗೆ ಅಪ್-ಡೌನ್ ಮಾಡುವ ಪ್ರಯಾಣಿಕ, ಒಂದು ಸುತ್ತಿಗೆ 248 ವರ್ಷ. 1977ರಲ್ಲಿ ಹೊರಟ ವಾಯೇಜರ್-1 ಕಸಾರಾ ಘಾಟ್ ಹತ್ತಿ, ಇಗತ್‌ಪುರಿ ದಾಟಿ, ನಾಸಿಕದ ಕಡೆಗೆ ಹೋಗುತ್ತಿದೆ. ಮನುಷ್ಯ ಮಾಡಿದ ಯಾವ ವಸ್ತುವೂ ಅದಕ್ಕಿಂತ ದೂರ ಹೋಗಿಲ್ಲ.

ಈ ಅಳತೆಯಲ್ಲಿ ಬೆಳಕಿನ ವೇಗ ಎಷ್ಟು ಗೊತ್ತೇ? ಗಂಟೆಗೆ ಸುಮಾರು 7 ಕಿಲೋಮೀಟರ್. ಆಫೀಸಿಗೆ ತಡವಾದಾಗ ನಾವು ಬಿರಬಿರನೆ ನಡೆಯುತ್ತೇವಲ್ಲ, ಅಷ್ಟು. ವಿ.ಟಿ.ಯಿಂದ ಭೂಮಿಗೆ ಎಂಟು ನಿಮಿಷ ಚಿಲ್ಲರೆ, ಮುಲುಂಡಿಗೆ ನಾಲ್ಕು ಗಂಟೆಗೂ ಮೇಲೆ. ನಮ್ಮ ಸ್ಲೋ ಟ್ರೈನೇ ಬೆಳಕಿಗಿಂತ ಜೋರು ಅಂತ ಮಕ್ಕಳು ನಗುತ್ತಾರೆ. ನಗಲಿ. ನಕ್ಕದ್ದು ಮರೆಯುವುದಿಲ್ಲ.

ಚೆನ್ನೈಯವರು ಬೀಚ್ ಸ್ಟೇಷನ್ನಿನಲ್ಲಿ ಸೂರ್ಯನನ್ನಿಟ್ಟರೆ ತಾಂಬರಂ ಆಸುಪಾಸಿನಲ್ಲಿ ನೆಪ್ಚೂನ್ ಸಿಗುತ್ತದೆ. ಪುಣೆಯವರಿಗೆ ಲೋಣಾವಳ ಲೋಕಲಿನಲ್ಲಿ ತಳೇಗಾಂವ್ ಬರುವ ಮೊದಲೇ. ಹೈದರಾಬಾದ್, ದೆಹಲಿಯವರು ಮೆಟ್ರೋ ನಕ್ಷೆ ತೆಗೆದು ಮಕ್ಕಳ ಕೈಯಲ್ಲೇ ಲೆಕ್ಕ ಮಾಡಿಸಿ.

ಎಂಟೋ ಒಂಬತ್ತೋ?

ನಾವೆಲ್ಲ ಒಂಬತ್ತು ಎಂದು ಕಲಿತವರು. 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಸೇರಿದ ಖಗೋಳ ವಿಜ್ಞಾನಿಗಳು ಗ್ರಹ ಎಂದರೇನು ಎಂದು ವ್ಯಾಖ್ಯೆ ಮಾಡಿದರು. ಪ್ಲೂಟೋ ಕುಬ್ಜಗ್ರಹವಾಯಿತು. ಇವತ್ತಿಗೂ ಎಷ್ಟೋ ಅಪ್ಪ-ಅಮ್ಮಂದಿರು ಇದನ್ನು ಪ್ಲೂಟೋಗೆ ಆದ ಅನ್ಯಾಯ ಎಂಬಂತೆ ಹೇಳುತ್ತಾರೆ. ಆದರೆ ಇದು ಹೊಸದೇನಲ್ಲ. 1801ರಲ್ಲಿ ಸಿಕ್ಕಿದ ಸಿರೀಸ್ ಹಲವು ದಶಕ ಗ್ರಹಗಳ ಪಟ್ಟಿಯಲ್ಲಿತ್ತು. ಅದರ ಸುತ್ತಮುತ್ತ ಅಂಥವೇ ಹತ್ತಾರು ಸಿಗತೊಡಗಿದಾಗ ಕ್ಷುದ್ರಗ್ರಹ ಎಂಬ ಬೇರೆ ಗುಂಪಿಗೆ ಹೋಯಿತು. ಪ್ಲೂಟೋದ ಕಥೆಯೂ ಅದೇ. ಅದರ ಆಚೆ ಅದರಂಥವೇ ಸಾಲುಸಾಲಾಗಿ ಸಿಕ್ಕವು. ಹೊಸ ಸಂಗತಿ ತಿಳಿದಾಗ ಪಟ್ಟಿ ತಿದ್ದುವುದೇ ವಿಜ್ಞಾನ. ಮಕ್ಕಳಿಗೆ ಎಂಟು ಎಂಬ ಸಂಖ್ಯೆಗಿಂತ ಇದನ್ನು ಹೇಳಿಕೊಡುವುದು ಮುಖ್ಯ. 2015ರ ಜುಲೈ 14ರಂದು ನ್ಯೂ ಹೊರೈಜನ್ಸ್ ನೌಕೆ ಹತ್ತಿರದಿಂದ ಹಾದುಹೋದಾಗ ಪ್ಲೂಟೋದ ಮೇಲೆ ಹೃದಯದ ಆಕಾರದ ಬಿಳಿ ಬಯಲು ಕಂಡಿತು. ಪಟ್ಟಿಯಿಂದ ತೆಗೆದರೆ ಅದರ ಚಂದವೇನು ಕಡಿಮೆಯಾಯಿತೇ?

"ಮಾರ್ಕು ಯಾರು ಕೊಡ್ತಾರೆ?"

ಟೀಚರುಗಳ ಕಷ್ಟ ನನಗೆ ಗೊತ್ತು. ಐವತ್ತು-ಅರುವತ್ತು ಮಕ್ಕಳು, ಮುಗಿಸಬೇಕಾದ ಪಾಠ, ಶಾಲೆ ಇರುವುದು ಹಗಲಲ್ಲಿ, ಗ್ರಹ ಕಾಣುವುದು ರಾತ್ರಿಯಲ್ಲಿ. ಅದಕ್ಕೇ ಈ ಕೆಲಸ ಮನೆಯದು ಅನ್ನುತ್ತೇನೆ. ಸಾಸಿವೆ-ತೆಂಗಿನಕಾಯಿಗೆ ಬೇಕಾದದ್ದು ಅರ್ಧ ಗಂಟೆ, ಪ್ರಾಜೆಕ್ಟಿಗೆ ಹೋಗುವ ರಾತ್ರಿಯಲ್ಲಿ ಹತ್ತನೇ ಒಂದು ಪಾಲು. ಕಣ್ಣಿಂದ ನೋಡಿದ ಮಗುವಿಗೆ ಪಟ್ಟಿ ಬಾಯಿಪಾಠ ಮಾಡಲು ಕಷ್ಟವೂ ಇಲ್ಲ, ಪರಿಚಯದವರ ಹೆಸರು ನೆನಪಿಡಲು ಕಷ್ಟವೇ? ಜೊತೆಗೆ ತಪ್ಪು ತಿಳಿವಳಿಕೆಗಳೂ ಉದುರುತ್ತವೆ. ಸೂರ್ಯನಿಗೆ ಹತ್ತಿರ ಹೋದರೆ ಬೇಸಿಗೆ ಅಂತ ಎಷ್ಟೋ ಮಕ್ಕಳು ತಿಳಿದಿದ್ದಾರೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯ ಮೊದಲ ವಾರ, ನಾವು ಸ್ವೆಟರ್ ಹುಡುಕುವ ಕಾಲ! ಋತುಗಳಿಗೆ ಕಾರಣ ಭೂಮಿಯ ವಾಲು, ದೂರ ಅಲ್ಲ. ಹಾಗೆಯೇ ಅತಿ ಬಿಸಿ ಗ್ರಹ ಬುಧ ಅಲ್ಲ, ಶುಕ್ರ. ದಪ್ಪ ಇಂಗಾಲದ ಡೈಆಕ್ಸೈಡಿನ ಕಂಬಳಿ ಹೊದ್ದು 460 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕುದಿಯುತ್ತಿದೆ.

ಯೂಟ್ಯೂಬಿನಲ್ಲಿ ಇದಕ್ಕಿಂತ ಚೆನ್ನಾಗಿ ತೋರಿಸುತ್ತಾರೆ ಅನ್ನುವವರಿಗೆ ಒಂದೇ ಮಾತು. ತೋರಿಸಲಿ, ಒಳ್ಳೆಯದೇ. ಆದರೆ ಮೊದಲೇ ಬಣ್ಣ ಹೆಚ್ಚಿಸಿದ ಚಿತ್ರ ನೋಡಿದ ಮಗುವಿಗೆ ಟೆಲಿಸ್ಕೋಪಿನ ಪುಟ್ಟ ಶನಿ ಸಪ್ಪೆ ಅನ್ನಿಸುತ್ತದೆ. ಮೊದಲು ಪುಟ್ಟ ಶನಿಯನ್ನು ನೋಡಿದ ಮಗುವಿಗೆ ಆ ಚಿತ್ರ ಎಷ್ಟು ದೂರದಿಂದ ಬಂದದ್ದು ಅಂತ ಬೆರಗಾಗುತ್ತದೆ. ವ್ಯತ್ಯಾಸ ಇಷ್ಟೇ.

ಜೊತೆಗೆ ಊರೂರಲ್ಲಿ ಸಹಾಯವೂ ಇದೆ. ವರ್ಲಿಯ ನೆಹರೂ ತಾರಾಲಯ 1977ರಿಂದ ಇದೆ. ಪುಣೆಯಲ್ಲಿ 1944ರಲ್ಲಿ ಹುಟ್ಟಿದ ಜ್ಯೋತಿರ್ವಿದ್ಯಾ ಪರಿಸಂಸ್ಥೆ ಇದೆ. ದೆಹಲಿ, ಹೈದರಾಬಾದ್, ಚೆನ್ನೈಗಳಲ್ಲೂ ತಾರಾಲಯಗಳಿವೆ. ಕನ್ನಡದಲ್ಲಿ ಓದಿಸಬೇಕೆಂದರೆ ಶಿವರಾಮ ಕಾರಂತರಿಂದ ಹಿಡಿದು ಜಿ.ಟಿ. ನಾರಾಯಣರಾಯರವರೆಗೆ ಬರೆದಿಟ್ಟವರಿದ್ದಾರೆ. ನಮ್ಮ ಕನ್ನಡ ಸಂಘಗಳಿಗೆ ಒಂದು ಸಲಹೆ. ರಾಜ್ಯೋತ್ಸವಕ್ಕೆ ಸಭಾಂಗಣದಲ್ಲಿ ಭಾಷಣ, ಹಾಡು, ಊಟ ಎಲ್ಲ ಇರಲಿ, ನವೆಂಬರಿನಲ್ಲಿ ಆಕಾಶವೂ ತಿಳಿಯಾಗಿರುತ್ತದೆ. ಊಟ ಮುಗಿದ ಮೇಲೆ ಟೆರೇಸಿನಲ್ಲಿ ಒಂದು ಟೆಲಿಸ್ಕೋಪ್ ಇಟ್ಟು, ಮಕ್ಕಳಿಗೆ ಕನ್ನಡದಲ್ಲೇ ಗುರು, ಶುಕ್ರ, ಶನಿ ತೋರಿಸಿದರೆ ಹೇಗೆ? ಶಾಲು-ಹಾರದ ಖರ್ಚಿನಲ್ಲೇ ಆಗುತ್ತದೆ.

ಹ್ಯಾಲಿ ಧೂಮಕೇತು ಕಳೆದ ಸಲ ಬಂದದ್ದು 1986ರಲ್ಲಿ. ಮುಂದಿನ ಸಲ 2061ಕ್ಕೆ. ನಾವು ಯಾರೂ ಇರುವುದಿಲ್ಲ, ಆದರೆ ಇವತ್ತು ಒಗ್ಗರಣೆ ಡಬ್ಬಿ ಹಿಡಿದು ನಮ್ಮ ಹಿಂದೆ ಬರುವ ಮಕ್ಕಳು ಇರುತ್ತಾರೆ, ನಾಲ್ವತ್ತು ದಾಟಿದವರಾಗಿ. ಅವತ್ತು ಅವರು ತಮ್ಮ ಮಕ್ಕಳನ್ನು ಟೆರೇಸಿಗೆ ಕರೆದುಕೊಂಡು ಹೋಗುತ್ತಾರೋ, ಅಂಗಡಿಗೆ ಥರ್ಮೋಕೋಲ್ ತರಲು ಹೋಗುತ್ತಾರೋ, ಅದು ಈಗ ನಾವು ಏನು ಮಾಡುತ್ತೇವೆ ಎನ್ನುವುದರ ಮೇಲಿದೆ.

ಇವತ್ತು ಸಂಜೆ ಮೋಡ ಇಲ್ಲದಿದ್ದರೆ ಒಮ್ಮೆ ಮೇಲೆ ಹೋಗಿ ಬನ್ನಿ. ಏನಂತೀರಿ?